ಟಾಲೆಮಿಯ ‘ಪೆಟಿರ್ಗಲ’ ನಮ್ಮ ಪಟ್ಟದಕಲ್ಲೇನಾ? ಯಾವ ಪುಸ್ತಕ ನೋಡಬೇಕು?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗಾಗಿ ಪಟ್ಟದಕಲ್ಲಿನ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಗೈಡುಗಳು, ಸ್ಮರಣ ಸಂಚಿಕೆಗಳು ಎಲ್ಲ ಹೇಳುವುದು ಒಂದೇ ಮಾತು: ಕ್ರಿ.ಶ. 150ರಲ್ಲೇ ಗ್ರೀಕ್ ಭೂಗೋಳಜ್ಞ ಟಾಲೆಮಿ ಈ ಊರನ್ನು ‘ಪೆಟಿರ್ಗಲ್’ ಎಂದು ಬರೆದಿದ್ದಾನೆ. ಮೂಲ ನೋಡೋಣ ಅಂತ ಟಾಲೆಮಿಯ ಒಂದು ದಪ್ಪ ಇಂಗ್ಲಿಷ್ ಅನುವಾದ ತರಿಸಿದೆ. ಇಂಟರ್‌ನೆಟ್ಟಿನಲ್ಲಿ 1885ರ ಇನ್ನೊಂದು ಪುಸ್ತಕವೂ ಸಿಕ್ಕಿತು. ಎರಡರಲ್ಲೂ ಹೆಸರಿನ ಕಾಗುಣಿತ ಬೇರೆ. ಎಷ್ಟೋ ಊರುಗಳಿಗೆ ಅಂಕಿಗಳೂ ಹೊಂದುವುದಿಲ್ಲ. ಬನವಾಸಿಯ ಅಕ್ಷಾಂಶ ರೇಖಾಂಶವನ್ನು ಮೊಬೈಲಿನ ಮ್ಯಾಪಿಗೆ ಹಾಕಿದರೆ ಸಮುದ್ರದ ಮಧ್ಯೆ ತೋರಿಸಿತು! ಟಾಲೆಮಿಗೆ ಏನೂ ಗೊತ್ತಿರಲಿಲ್ಲವೇ? ಯಾವ ಪುಸ್ತಕ ಸರಿ? ಮೂಲ ಪ್ರತಿ ಎಲ್ಲಿದೆ? ಮಕ್ಕಳಿಗೆ ಸುಳ್ಳು ಹೇಳಿಬಿಟ್ಟೆ ಅನ್ನೋ ಭಯ.

ಉತ್ತರ: ನಿಮ್ಮ ಭಯ ಒಳ್ಳೆಯದೇ. ಈ ‘ಪೆಟಿರ್ಗಲ್’ ವಾಕ್ಯವನ್ನು ಬರೆದವರಲ್ಲಿ ಮೂಲ ತೆರೆದು ನೋಡಿದವರು ತೀರಾ ಕಡಿಮೆ. ನಾನೂ ಮೊದಲ ಹತ್ತು ವರ್ಷ ನೋಡಿರಲಿಲ್ಲ. ನನ್ನದು ಶಾಸನ ಓದುವ ಕೆಲಸ, ಗ್ರೀಕ್ ಕಲಿತದ್ದು ತಡವಾಗಿ. ಅದಕ್ಕೂ ಮುಂಚೆ ಒಂದು ಸೆಮಿನಾರಿನಲ್ಲಿ, ಯಾರದೋ ಲೇಖನದಿಂದ ಎತ್ತಿಕೊಂಡ ಅಂಕಿಯನ್ನು ‘ಟಾಲೆಮಿಯ ಮಾತು’ ಅಂತ ಗಟ್ಟಿಯಾಗಿ ಓದಿ ಮುಜುಗರ ಪಟ್ಟಿದ್ದೇನೆ.

ಮೊದಲು ಆ ಸಮುದ್ರದ ವಿಷಯ ಮುಗಿಸೋಣ.

1885ರ ಪುಸ್ತಕ ಮ್ಯಾಕ್‌ಕ್ರಿಂಡಲ್ ಅವರದು. ಅದರಲ್ಲಿ ‘ಬನಾವೂಆಸೇಯ್’ ಎಂಬ ಊರಿಗೆ 116 ಡಿಗ್ರಿ ರೇಖಾಂಶ, 16 ಡಿಗ್ರಿ 45 ನಿಮಿಷ ಅಕ್ಷಾಂಶ ಇದೆ. ಇದನ್ನು ಹಾಗೇ ಮೊಬೈಲಿಗೆ ಹಾಕಿದರೆ ಹಾಂಗ್‌ಕಾಂಗಿನ ದಕ್ಷಿಣಕ್ಕೆ, ದಕ್ಷಿಣ ಚೀನಾ ಸಮುದ್ರಕ್ಕೆ ಬೀಳುತ್ತೀರಿ. ಆದರೆ ತಪ್ಪು ಟಾಲೆಮಿಯದಲ್ಲ, ನಾವು ಲೆಕ್ಕ ಶುರು ಮಾಡಿದ ಜಾಗದ್ದು. ಮೊಬೈಲು ಲಂಡನ್ನಿನ ಗ್ರೀನಿಚ್‌ನಿಂದ ಎಣಿಸುತ್ತದೆ. ಟಾಲೆಮಿ ಎಣಿಸಿದ್ದು ಆಗ ಗೊತ್ತಿದ್ದ ಪಶ್ಚಿಮದ ಕೊನೆಯಿಂದ, ಅಂದರೆ ಇವತ್ತಿನ ಕೆನರಿ ದ್ವೀಪಗಳಿಂದ. ಅವು ಗ್ರೀನಿಚ್‌ಗೆ ಸುಮಾರು 18 ಡಿಗ್ರಿ ಪಶ್ಚಿಮಕ್ಕಿವೆ. 116ರಲ್ಲಿ 18 ಕಳೆದರೆ 98. ಈಗ ಬನವಾಸಿ ಮ್ಯಾನ್ಮಾರ್‌ಗೆ ಬಂತು. ಸಮುದ್ರದಿಂದ ನೆಲಕ್ಕೆ ಹತ್ತಿದ್ದೇವೆ, ಆದರೂ ನಿಜವಾದ 75 ಡಿಗ್ರಿಗೆ ಇನ್ನೂ 23 ಬಾಕಿ.

ಆ 23 ಡಿಗ್ರಿ ಮಾತ್ರ ಟಾಲೆಮಿಯದೇ ತಪ್ಪು. ಅವನಿಗಿಂತ ಸುಮಾರು ನಾಲ್ಕು ಶತಮಾನ ಹಿಂದೆ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಭೂಮಿಯ ಸುತ್ತಳತೆ 2,52,000 ಸ್ಟೇಡಿಯಾ (ಗ್ರೀಕರ ದೂರದ ಅಳತೆ) ಎಂದು ಲೆಕ್ಕ ಹಾಕಿದ್ದ. ಅಂದರೆ ಒಂದು ಡಿಗ್ರಿಗೆ 700 ಸ್ಟೇಡಿಯಾ. ಟಾಲೆಮಿ ಒಪ್ಪಿದ್ದು 1,80,000. ಡಿಗ್ರಿಗೆ 500 ಮಾತ್ರ. ಭೂಮಿಯನ್ನು ಚಿಕ್ಕದು ಮಾಡಿಕೊಂಡಾಗ, ವ್ಯಾಪಾರಿಗಳು ಹೇಳಿದ ಅದೇ ದೂರ ಜಾಸ್ತಿ ಡಿಗ್ರಿ ತಿನ್ನುತ್ತದೆ, ಅಲ್ವಾ? ಹಾಗಾಗಿ ಪೂರ್ವಕ್ಕೆ ಹೋದಷ್ಟೂ ಊರುಗಳು ಎಳೆದ ರಬ್ಬರಿನ ಹಾಗೆ ದೂರ ಸರಿದವು. ಸೂರ್ಯ, ನಕ್ಷತ್ರ ನೋಡಿ ಅಕ್ಷಾಂಶ ಅಳೆಯಬಹುದು. ರೇಖಾಂಶ ಅಳೆಯಲು ಆ ಕಾಲದಲ್ಲಿ ಸುಲಭದ ದಾರಿ ಇರಲಿಲ್ಲ. ಹಡಗಿನವರು ‘ಇಷ್ಟು ದಿನ ಹೋದೆವು’ ಅಂದದ್ದೇ ಆಧಾರ.

ಹಾಗಾದರೆ ಬನವಾಸಿಯ ಅಕ್ಷಾಂಶವಾದರೂ ಸರಿ ಇದೆಯೇ? ಅದೂ ಇಲ್ಲ. ನಿಜವಾದ ಬನವಾಸಿ 14 ಡಿಗ್ರಿ 32 ನಿಮಿಷದ ಹತ್ತಿರ ಇದೆ. ಟಾಲೆಮಿ ಅದನ್ನು ಹೆಚ್ಚುಕಡಿಮೆ ವಿಜಯಪುರದ ಮಟ್ಟಕ್ಕೆ ಒಯ್ದಿದ್ದಾನೆ. ಕಾರಣ, ಅವನ ಲೆಕ್ಕದ ಭಾರತದಲ್ಲಿ ನಮ್ಮ ಪರ್ಯಾಯ ದ್ವೀಪವೇ ಸರಿಯಾಗಿಲ್ಲ. ಸಿಂಧೂ ನದಿಯಿಂದ ಗಂಗೆಯವರೆಗಿನ ಕರಾವಳಿ ಕೆಳಕ್ಕೆ ಇಳಿದು ಮೇಲೆ ಹತ್ತುವ ಬದಲು ಬಹುಪಾಲು ಪೂರ್ವಕ್ಕೇ ಓಡುತ್ತದೆ. ಶ್ರೀಲಂಕಾ ಮಾತ್ರ ಎಷ್ಟೋ ಪಟ್ಟು ದೊಡ್ಡದು. ದಕ್ಷಿಣ ಭಾರತವೇ ಚಪ್ಪಟೆಯಾದ ಮೇಲೆ ಒಳನಾಡಿನ ಊರುಗಳು ಉಳಿದ ಇಕ್ಕಟ್ಟು ಜಾಗದಲ್ಲೇ ಒತ್ತಿಕೊಂಡು ಕೂರಬೇಕಾಯಿತು. ಆದ್ದರಿಂದ ಟಾಲೆಮಿಯ ಅಂಕಿಯನ್ನು ಇವತ್ತಿನ ಮ್ಯಾಪಿನ ಮೇಲಿಟ್ಟು ‘ಇಲ್ಲೇ ಇತ್ತು’ ಎನ್ನುವ ಹಾಗಿಲ್ಲ. ಯಾವ ಊರು ಯಾವುದರ ಪಕ್ಕ, ಯಾವ ದಿಕ್ಕಿಗೆ ಅನ್ನುವುದನ್ನು ಮಾತ್ರ ಎಚ್ಚರದಿಂದ ಬಳಸಬಹುದು.

ಇನ್ನು ‘ಏನೂ ಗೊತ್ತಿರಲಿಲ್ಲವೇ’ ಎಂಬ ಪ್ರಶ್ನೆ. ಟಾಲೆಮಿ ಭಾರತಕ್ಕೆ ಬಂದಿದ್ದ ಅಂತ ಕೆಲವರು ಬರೆಯುತ್ತಾರೆ, ಅದಕ್ಕೆ ಆಧಾರ ಇಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಕೂತು ಅವನು ಎರಡನೇ ಶತಮಾನದ ನಡುವೆ ಈ ‘ಭೂಗೋಳ’ವನ್ನು ಬರೆದ. ಟೈರ್ ಊರಿನ ಮರೈನಸ್ ಎಂಬವನ ಕೃತಿ ಅವನ ಮುಖ್ಯ ಆಧಾರ. ಅದನ್ನೇ ಅಲ್ಲಲ್ಲಿ ತಿದ್ದುತ್ತಾ ಹೋಗಿದ್ದಾನೆ. ‘ಭೂಗೋಳ’ದ ಮೊದಲ ಪುಸ್ತಕದಲ್ಲಿ, ಅಂದರೆ ಮೊದಲ ಭಾಗದಲ್ಲಿ, ಒಂದು ಚಂದದ ಜಾಗ ಇದೆ. ಮುಂಬೈ ಹತ್ತಿರದ ಚೌಲ್ ಎಂದು ಗುರುತಿಸುವ ‘ಸಿಮುಲ್ಲ’ ಬಂದರಿನ ಬಗ್ಗೆ ಹೇಳುತ್ತಾ, ಅಲ್ಲಿಗೆ ಹೋಗಿಬಂದವರನ್ನು ವಿಚಾರಿಸಿದೆ, ಸ್ಥಳೀಯರು ಅದನ್ನು ‘ತಿಮೌಲ’ ಅನ್ನುತ್ತಾರಂತೆ ಎಂದು ಬರೆಯುತ್ತಾನೆ. ನಮ್ಮ ಊರಿನ ಹೆಸರುಗಳು ಗ್ರೀಕರ ಬಾಯಲ್ಲಿ ಹೇಗೆ ತಿರುಚಿಕೊಳ್ಳುತ್ತಿದ್ದವು ಅನ್ನೋದು ಅವನಿಗೇ ಗೊತ್ತಿತ್ತು.

ಈಗ ನಿಮ್ಮ ಮುಖ್ಯ ಗೊಂದಲ: ಎರಡು ಪುಸ್ತಕ, ಎರಡು ಅಂಕಿ. ಮೂಲ ಎಲ್ಲಿದೆ?

ಟಾಲೆಮಿ ಕೈಯಾರೆ ಬರೆದ ಮೂಲ ಎಲ್ಲೂ ಇಲ್ಲ. ನಮ್ಮ ಕೈಗೆ ಸಿಕ್ಕಿರುವ ಅತಿ ಹಳೆಯ ಹಸ್ತಪ್ರತಿಗಳು ಅವನಾಗಿ ಸಾವಿರದ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲಿನವು. 1295ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮ್ಯಾಕ್ಸಿಮಸ್ ಪ್ಲನೂಡೀಸ್ ಎಂಬ ಸನ್ಯಾಸಿ ಈ ಕೃತಿಯನ್ನು ಹುಡುಕಿ ಹುಡುಕಿ ಪಡೆದ. ಆಮೇಲೆ ಅಲ್ಲಿ ಭರ್ಜರಿ ಪ್ರತಿಗಳು ತಯಾರಾದವು. ಒಂದು ಈಗ ವ್ಯಾಟಿಕನ್‌ನಲ್ಲಿದೆ, ಇನ್ನೊಂದು ಇಸ್ತಾಂಬುಲ್ಲಿನ ತೋಪ್‌ಕಾಪಿ ಅರಮನೆಯಲ್ಲಿದೆ. ವ್ಯಾಟಿಕನ್‌ನಲ್ಲೇ ನಕ್ಷೆ ಇಲ್ಲದ ಮತ್ತೊಂದು ಹಸ್ತಪ್ರತಿ ಇದೆ. ಅದರ ಪಾಠ, ಅಂದರೆ ಬರಹದ ರೂಪ, ಬೇರೆ ಶಾಖೆಯದು, ಎಷ್ಟೋ ಕಡೆ ಉಳಿದ ಪ್ರತಿಗಳಿಗೆ ಹೊಂದುವುದಿಲ್ಲ. ಅಂದರೆ ‘ವ್ಯಾಟಿಕನ್ ಪ್ರತಿಯಲ್ಲಿ ಹೀಗಿದೆ’ ಅಂತ ಯಾರಾದರೂ ಹೇಳಿದರೆ, ಯಾವ ವ್ಯಾಟಿಕನ್ ಪ್ರತಿ ಅಂತ ಕೇಳಬೇಕು.

ಪ್ರತಿಗಳಲ್ಲಿ ಅಂಕಿ ಕೆಡುವುದು ಹೇಗೆ? ಇದು ನನಗೆ ಇಷ್ಟದ ವಿಷಯ, ಸ್ವಲ್ಪ ತಾಳಿ. ಗ್ರೀಕರಿಗೆ ಅಂಕಿಗೆ ಬೇರೆ ಗುರುತು ಇರಲಿಲ್ಲ. ಅಕ್ಷರಗಳೇ ಅಂಕಿಗಳು. ಆಲ್ಫಾ ಅಂದರೆ 1, ಡೆಲ್ಟಾ 4, ಲಾಂಬ್ಡಾ 30. ಹಳೆಯ ದೊಡ್ಡಕ್ಷರದಲ್ಲಿ ಈ ಮೂರೂ ತ್ರಿಕೋನದ ಆಕಾರದವೇ. ಅಡ್ಡಗೆರೆ ಒಂದು ಮಾಸಿದರೆ ಸಾಕು, 4 ಹೋಗಿ 30 ಆಯಿತು. 5ಕ್ಕೆ ಎಪ್ಸಿಲಾನ್, 9ಕ್ಕೆ ಥೀಟಾ. ಎರಡೂ ದುಂಡಗೆ, ಮಧ್ಯೆ ಒಂದು ಗೀಟು. ನಾವು ಕನ್ನಡ ಅಂಕಿಯ ಹಳೆಯ ಕಡತದಲ್ಲಿ ೬ ಮತ್ತು ೯ ಬೆರಸಿಕೊಂಡು ತಲೆ ಕೆರೆದುಕೊಳ್ಳುತ್ತೇವಲ್ಲ, ಹಾಗೆ. ಇನ್ನು ಭಿನ್ನರಾಶಿ. ಟಾಲೆಮಿ ‘16 ಡಿಗ್ರಿ 45 ನಿಮಿಷ’ ಅಂತ ಬರೆದಿಲ್ಲ. ಹದಿನಾರು, ಅರ್ಧ, ಕಾಲು ಅಂತ ಬರೆದ. ಕಾಲಿಗೆ ಬಳಸಿದ್ದು ಅದೇ ಡೆಲ್ಟಾ, ತಲೆಯ ಮೇಲೊಂದು ಗೀಟು ಅಷ್ಟೆ. ಗೀಟು ಬಿಟ್ಟುಹೋದರೆ ಕಾಲು ಇದ್ದದ್ದು ನಾಲ್ಕಾಗುತ್ತದೆ. ಹೀಗೆ ಸುಮಾರು 8,000 ಸ್ಥಳಗಳ ಪಟ್ಟಿಯನ್ನು, ಆ ಊರುಗಳ ಹೆಸರನ್ನೇ ಕೇಳದ ಒಬ್ಬ ಲಿಪಿಕಾರ ರಾತ್ರಿ ದೀಪದಲ್ಲಿ ನಕಲು ಮಾಡುವುದನ್ನು ಊಹಿಸಿಕೊಳ್ಳಿ. ವಾಕ್ಯವಾದರೆ ಅರ್ಥ ಕೆಟ್ಟಾಗ ತಪ್ಪು ಗೊತ್ತಾಗುತ್ತದೆ. ಅಂಕಿ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಇದರಲ್ಲೊಂದು ತಮಾಷೆ ಇದೆ. ನಕ್ಷೆಯಿಂದ ನಕ್ಷೆಗೆ ನಕಲು ಮಾಡುತ್ತಾ ಹೋದರೆ ಆಕಾರ ಕೆಡುತ್ತದೆ ಎಂದು ಟಾಲೆಮಿಯೇ ದೂರುತ್ತಾನೆ. ಅದಕ್ಕೇ ಅವನು ಅಂಕಿ ಕೊಟ್ಟದ್ದು. ಯಾರು ಬೇಕಾದರೂ ಹೊಸದಾಗಿ ನಕ್ಷೆ ಬಿಡಿಸಿಕೊಳ್ಳಲಿ ಅಂತ.

ಹೆಸರುಗಳಿಗೂ ಇದೇ ಗತಿ. ಪೈಠಣದ ರಾಜನ ಹೆಸರು ಒಂದು ಪಾಠದಲ್ಲಿ ‘ಸಿರೋ ಪೊಲೆಮೈಯೊಸ್’, ಇನ್ನೊಂದರಲ್ಲಿ ‘ಟಾಲೆಮೈಯೊಸ್’ ಎಂಬ ರೂಪ. ಇವನು ಶಾತವಾಹನರ ಶ್ರೀ ಪುಳುಮಾವಿ. ಪುಳುಮಾವಿ ಅಂದರೆ ಯಾರು ಅಂತ ಗ್ರೀಕ್ ಲಿಪಿಕಾರನಿಗೆ ಏನು ಗೊತ್ತು? ಕಿವಿಗೆ ಪರಿಚಯ ಇದ್ದ ಹೆಸರು ಬರೆದ.

ಈಗ ಅಚ್ಚಾದ ಪುಸ್ತಕಗಳಿಗೆ ಬರೋಣ. ನಿಮ್ಮ ಕೈಲಿರುವ ದಪ್ಪ ಪುಸ್ತಕ ಬಹುಶಃ ಸ್ಟೀವನ್‌ಸನ್ ಅವರ ಅನುವಾದ. ಅದು ನ್ಯೂಯಾರ್ಕಿನಲ್ಲಿ 1932ರಲ್ಲಿ 250 ಪ್ರತಿ ಮಾತ್ರ ಅಚ್ಚಾಗಿತ್ತು. 1991ರಲ್ಲಿ ಅಗ್ಗದ ಮರುಮುದ್ರಣ ಬಂದ ಮೇಲೆ ಎಲ್ಲರ ಮನೆಗೂ ಹೋಯಿತು. ಪಟ್ಟಿಯ ಸಮೇತ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುವುದು ಅದೊಂದೇ ಆದ್ದರಿಂದ ಜನ ಅದನ್ನೇ ಉಲ್ಲೇಖಿಸುತ್ತಾರೆ. ಆದರೆ ಅದು ಗ್ರೀಕಿಗಿಂತ ಹಳೆಯ ಲ್ಯಾಟಿನ್ ಅನುವಾದಗಳ ಮೇಲೆ ಹೆಚ್ಚು ನಿಂತಿದೆ. ತಪ್ಪುಗಳೂ ವಿಪರೀತ. ಗ್ರೀಕ್ ಹಸ್ತಪ್ರತಿಗಳ ದೊಡ್ಡ ವಿದ್ವಾಂಸ ಆಬ್ರಿ ಡಿಲ್ಲರ್ 1935ರಲ್ಲೇ ಅದನ್ನು ಕಟುವಾಗಿ ವಿಮರ್ಶಿಸಿದ್ದರು. ದುಡ್ಡು ಕೊಟ್ಟಾಗಿದೆ, ನಕ್ಷೆಗಳ ಚಿತ್ರ ನೋಡಲು ಇಟ್ಟುಕೊಳ್ಳಿ. ಅದರಿಂದ ಒಂದು ಅಂಕಿಯನ್ನೂ ಎತ್ತಬೇಡಿ.

ಮ್ಯಾಕ್‌ಕ್ರಿಂಡಲ್ ಪರವಾಗಿಲ್ಲ. ಅವರು ಪಟ್ನಾ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದವರು. ಭಾರತದ ಅಧ್ಯಾಯಗಳನ್ನಷ್ಟೇ ತೆಗೆದುಕೊಂಡು, ಪ್ರತಿ ಊರಿಗೂ ಟಿಪ್ಪಣಿ ಬರೆದರು. 1927ರಲ್ಲಿ ಕಲ್ಕತ್ತೆಯಿಂದ ಸುರೇಂದ್ರನಾಥ ಮಜುಂದಾರ್ ಶಾಸ್ತ್ರಿಯವರ ಟಿಪ್ಪಣಿ ಸೇರಿಸಿ ಮತ್ತೆ ಬಂತು. ಸಿಕ್ಕರೆ ಅದನ್ನು ನೋಡಿ. ಅಪಾಯ ಇರುವುದು ಊರು ಗುರುತಿಸುವ ಭಾಗದಲ್ಲಿ. ಆ ಕಾಲದಲ್ಲಿ ನಮ್ಮ ಶಾಸನಗಳು ಎಷ್ಟೋ ಓದಿಯೇ ಇರಲಿಲ್ಲ. ಬ್ರಿಟಿಷರ ಮ್ಯಾಪಿನಲ್ಲಿ ಹತ್ತಿರದ ಸದ್ದಿನ ಊರು ಹುಡುಕುವುದೇ ವಿಧಾನ ಆಗಿತ್ತು. ಹೆಸರು, ಅಂಕಿ ಓದಲು ಬಳಸಿ, ತೀರ್ಪನ್ನು ಅವರಿಂದ ಸಾಲ ತರಬೇಡಿ.

ಗ್ರೀಕ್ ಪಾಠದ ಕಥೆ ನಮ್ಮ ಮಟ್ಟಿಗೆ ದುರದೃಷ್ಟದ್ದು. ಭಾರತ ಬರುವುದು ‘ಭೂಗೋಳ’ದ ಎಂಟು ಪುಸ್ತಕಗಳ ಪೈಕಿ ಏಳನೆಯದರಲ್ಲಿ. 19ನೇ ಶತಮಾನದಲ್ಲಿ ವಿಲ್ಬರ್ಗ್ ಸಂಪಾದನೆಗೆ ಇಳಿದರು, ಆರನೇ ಪುಸ್ತಕಕ್ಕೆ ನಿಂತಿತು. ಮ್ಯುಲ್ಲರ್ ಇನ್ನೂ ಚೆನ್ನಾಗಿ ಶುರು ಮಾಡಿದರು, 1883 ಮತ್ತು 1901ರಲ್ಲಿ ಬಂದದ್ದು ಐದನೆಯವರೆಗೆ ಮಾತ್ರ. ಪೂರ್ತಿ ಗ್ರೀಕ್ ಪಾಠ ಬೇಕೆಂದರೆ 1843–45ರಲ್ಲಿ ನೋಬೆ ಅಚ್ಚು ಹಾಕಿಸಿದ್ದ ಪುಟ್ಟ ಸಂಪುಟಗಳೇ ಗತಿ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ನಡುವೆ 1925ರಲ್ಲಿ ಫ್ರಾನ್ಸಿನ ಲೂಯಿ ರೆನೂ ಭಾರತದ ಅಧ್ಯಾಯಗಳನ್ನು ಮಾತ್ರ ಹಸ್ತಪ್ರತಿಗಳ ಪಾಠಾಂತರ (ಪ್ರತಿಯಿಂದ ಪ್ರತಿಗೆ ಇರುವ ವ್ಯತ್ಯಾಸ) ಸಮೇತ ಸಂಪಾದಿಸಿ ನಮಗೆ ಉಪಕಾರ ಮಾಡಿದರು. ಅವರು ಸಂಸ್ಕೃತ ವಿದ್ವಾಂಸರು, ನಮ್ಮ ಹೆಸರುಗಳ ಜಾಡು ಬಲ್ಲವರು. ಕೊನೆಗೆ 2006ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಸ್ಟ್ಯುಕೆಲ್‌ಬರ್ಗರ್ ಮತ್ತು ಗ್ರಾಸ್‌ಹಾಫ್ ನೇತೃತ್ವದಲ್ಲಿ ಗ್ರೀಕ್ ಪಾಠ, ಎದುರು ಪುಟದಲ್ಲಿ ಜರ್ಮನ್ ಅನುವಾದ ಇರುವ ಎರಡು ಸಂಪುಟ ಬಂದವು. ಇವತ್ತು ನಂಬಬಹುದಾದ ಪೂರ್ತಿ ಆವೃತ್ತಿ ಅದೇ. ತೋಪ್‌ಕಾಪಿ ಪ್ರತಿಯನ್ನೂ ಅವರು ನೋಡಿದ್ದಾರೆ.

ಇಂಗ್ಲಿಷಿನಲ್ಲಿ 2000ದಲ್ಲಿ ಬಂದ ಬರ್ಗ್ರೆನ್ ಮತ್ತು ಜೋನ್ಸ್ ಅವರ ಅನುವಾದ ಬಲು ಸೊಗಸು. ನಕ್ಷೆ ಹೇಗೆ ಮಾಡಬೇಕು, ಅಂಕಿ ಎಲ್ಲಿಂದ ಬಂತು ಎಂಬ ಭಾಗಗಳಿಗೆ ಅದನ್ನೇ ಓದಿ. ಆದರೆ ಅದರಲ್ಲಿ ಊರುಗಳ ಪಟ್ಟಿಯ ಅನುವಾದ ಇಲ್ಲ. ಪಟ್ಟದಕಲ್ಲು ಹುಡುಕಲು ಕೊಂಡರೆ ನಿರಾಶೆ.

2006ರದನ್ನು ನೀವು ಕೊಳ್ಳಬೇಕಾಗಿಲ್ಲ. ನಿಮಗೆ ಬೇಕಾದದ್ದು ಏಳನೇ ಪುಸ್ತಕದ ಒಂದನೇ ಅಧ್ಯಾಯದ ಒಂದೆರಡು ಪುಟ. ಯಾವುದಾದರೂ ವಿಶ್ವವಿದ್ಯಾಲಯದ ಲೈಬ್ರರಿಯವರನ್ನು ಕೇಳಿ, ಇರುವ ಕಡೆಯಿಂದ ಆ ಪುಟಗಳ ನಕಲು ತರಿಸಿಕೊಡುತ್ತಾರೆ. ಅಧ್ಯಾಯ, ಪರಿಚ್ಛೇದದ ಸಂಖ್ಯೆ ಹೇಳಿ ಕೇಳಿ, ಪುಟ ಸಂಖ್ಯೆ ಹೇಳಬೇಡಿ. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ ಹೇಳುವ ಹಾಗೆ. ಜರ್ಮನ್ ಬರದಿದ್ದರೂ ಹೆಸರು, ಅಂಕಿ ಓದಬಹುದು. ಅಡಿಟಿಪ್ಪಣಿಯಲ್ಲಿ ಪಾಠಾಂತರ ಇದೆಯೇ ಅನ್ನೋದನ್ನು ಮರೆಯದೆ ನೋಡಿ. ಟಾಲೆಮಿಯಲ್ಲಿ ಅಡಿಟಿಪ್ಪಣಿ ಬಿಟ್ಟು ಓದುವುದು ಕಲ್ಲು ಆರಿಸದೆ ಅಕ್ಕಿ ಬೇಯಿಸಿದ ಹಾಗೆ.

ಕೊನೆಗೆ, ಪೆಟಿರ್ಗಲ ನಮ್ಮ ಪಟ್ಟದಕಲ್ಲೇ?

ಬನವಾಸಿಯಿಂದ ಶುರು ಮಾಡುತ್ತೇನೆ, ಅದು ಗಟ್ಟಿ ಉದಾಹರಣೆ. ಗ್ರೀಕಿನಲ್ಲಿ ‘ವ’ ಸದ್ದಿಗೆ ಅಕ್ಷರ ಇರಲಿಲ್ಲ, ‘ವೂ’ ಥರದ ಸ್ವರ ಜೋಡಿಸುತ್ತಿದ್ದರು. ಬನಾವೂಆಸೇಯ್ ಎಂದರೆ ಬನವಾಸಿ ಅಂತ ಕಿವಿಗೇ ಗೊತ್ತಾಗುತ್ತದೆ. ಅದೊಂದೇ ಸಾಲದು. ಟಾಲೆಮಿಯ ಕಾಲದ ಆಸುಪಾಸಿನಲ್ಲೇ ಆ ಊರು ದೊಡ್ಡದಾಗಿತ್ತು ಅನ್ನೋದಕ್ಕೆ ನೆಲದಲ್ಲೇ ಸಾಕ್ಷಿ ಇದೆ. ಮಧುಕೇಶ್ವರ ದೇವಾಲಯದ ನಾಗಶಿಲ್ಪದ ಮೇಲೆ ಚುಟು ಎಂಬ ರಾಜವಂಶದ ಕಾಲದ ಪ್ರಾಕೃತ ಶಾಸನ ಇದೆ. ಪುಳುಮಾವಿ ಹೆಸರಿನ ಶಾತವಾಹನ ರಾಜನ ರಾಣಿಯ ಸ್ಮಾರಕ ಕಲ್ಲೂ ಬನವಾಸಿಯಲ್ಲೇ ಸಿಕ್ಕಿದೆ. ಅದೇ ಪಟ್ಟಿಯಲ್ಲಿ ‘ಹಿಪ್ಪೊಕೂರ’ದ ರಾಜ ‘ಬಲಿಯೊಕೂರೊಸ್’ ಬರುತ್ತಾನೆ. ಕೊಲ್ಹಾಪುರದ ಕಡೆ ಸಿಕ್ಕ ನಾಣ್ಯಗಳಲ್ಲಿ ‘ವಿಳಿವಾಯಕುರ’ ಎಂಬ ಹೆಸರಿದೆ. ಇಲ್ಲೆಲ್ಲ ಸದ್ದಿನ ಜೊತೆ ಕಲ್ಲೋ ಲೋಹವೋ ನಿಂತಿದೆ.

ಪೆಟಿರ್ಗಲದ ಹಿಂದೆ ಹೀಗೆ ಏನೂ ನಿಂತಿಲ್ಲ. ಪರವಾಗಿ ಒಂದು ಮಾತಿದೆ, ಅದನ್ನು ಮುಚ್ಚಿಡಬಾರದು. ಪಟ್ಟಿಯಲ್ಲಿ ಅದು ಬನವಾಸಿಯ ಪಕ್ಕದ ಸಾಲಿನಲ್ಲೇ ಬರುತ್ತದೆ. ಮ್ಯಾಕ್‌ಕ್ರಿಂಡಲ್ ಅಂಕಿಗಳ ಪ್ರಕಾರ ಬನವಾಸಿಗೆ ಈಶಾನ್ಯಕ್ಕೆ ಬೀಳುತ್ತದೆ. ಪಟ್ಟದಕಲ್ಲು ಇರುವುದೂ ಆ ದಿಕ್ಕಿಗೇ. ಆದರೆ ಹೆಸರೇ ಅಡ್ಡ ಬರುತ್ತದೆ. ನಿಮ್ಮೂರ ಹಳೆಯ ಹೆಸರು ಕಿಸುವೊಳಲು, ಕೆಂಪು ಪಟ್ಟಣ. ಆ ಕೆಂಪು ಬಂಡೆ ನೋಡಿದವರಿಗೆ ವಿವರಣೆ ಬೇಡ. ಚಾಲುಕ್ಯರು ಅಲ್ಲಿ ಪಟ್ಟ ಕಟ್ಟಿಸಿಕೊಳ್ಳತೊಡಗಿದ ಮೇಲೆ ‘ಪಟ್ಟದ ಕಿಸುವೊಳಲ್’ ಆಯಿತು, ಬರಬರುತ್ತಾ ಪಟ್ಟದಕಲ್ಲು ನಿಂತಿತು. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ವೂ ಕನ್ನಡದ ತಿರುಳ್ನಾಡು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಅನ್ನುತ್ತದೆಯೇ ಹೊರತು ಪಟ್ಟದಕಲ್ಲು ಅನ್ನುವುದಿಲ್ಲ. ಪಟ್ಟ ಕಟ್ಟುವ ರಾಜರು ಬರುವ ನಾನ್ನೂರು, ಐನೂರು ವರ್ಷ ಮುಂಚೆ ಅಲೆಕ್ಸಾಂಡ್ರಿಯದವನ ಕಿವಿಗೆ ‘ಪಟ್ಟದ ಕಲ್ಲು’ ಬಿದ್ದದ್ದು ಹೇಗೆ? ಇದಕ್ಕೆ ಸಮಾಧಾನದ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ಬಾದಾಮಿಗೆ ‘ಬದಿಯಮೈಯೊಯ್’, ಮುದಗಲ್ಲಿಗೆ ‘ಮೊದೊಗೂಲ್ಲ’, ಇಂಡಿಗೆ ‘ಇಂದೆ’ ಅಂತ ಹೇಳುವವರೂ ಇದ್ದಾರೆ. ಅವೂ ಸದ್ದಿನ ಹೊಂದಿಕೆಗಳೇ. ಅದರಲ್ಲೂ ಬದಿಯಮೈಯೊಯ್ ಊರಿನ ಹೆಸರೇ ಅಲ್ಲ, ಒಂದು ಜನರ ಹೆಸರು. ಹಳೆಯ ಗ್ರೀಕ್ ಬರಹದಲ್ಲಿ ನಮ್ಮ ನಾಡು, ನುಡಿ ಕಾಣುವ ಈ ಆಸೆ ನಮಗೆ ಹೊಸದಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಅರ್ಥವಾಗದ ಮಾತುಗಳು ಕನ್ನಡವೇ ಎಂದು ಗೋವಿಂದ ಪೈಗಳಂಥ ದೊಡ್ಡವರೂ ವಾದಿಸಿದರು. ಆ ಚರ್ಚೆ ಇನ್ನೂ ತೀರಿಲ್ಲ.

ಹಾಗಂತ ಪುಸ್ತಕದಿಂದ ಟಾಲೆಮಿಯನ್ನು ಓಡಿಸಬೇಡಿ. ‘ಟಾಲೆಮಿ ಹೇಳುವ ಪೆಟಿರ್ಗಲ ಎಂಬ ಊರನ್ನು ಕೆಲವರು ಪಟ್ಟದಕಲ್ಲು ಎನ್ನುತ್ತಾರೆ, ಆದರೆ ಈ ಊರಿನ ಹೆಸರಿಗೆ ‘ಪಟ್ಟ’ ಸೇರಿದ್ದು ಚಾಲುಕ್ಯರ ಕಾಲದಲ್ಲಿ’ ಎಂದು ಎರಡು ಸಾಲು ಬರೆಯಿರಿ. ಹೈಸ್ಕೂಲ್ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ‘ಹಾಗಾದರೆ ಪೆಟಿರ್ಗಲ ಎಲ್ಲಿತ್ತು ಟೀಚರ್?’ ಅಂತ ಒಬ್ಬನಾದರೂ ಕೇಳುತ್ತಾನೆ. ಕ್ರಿ.ಶ. 150 ಅಂತ ಒಂದೇ ವರ್ಷ ಹಾಕದೆ ‘ಎರಡನೇ ಶತಮಾನ’ ಅನ್ನಿ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ. ಇಂಥ ಪುಸ್ತಕಗಳ ಮುಖಪುಟಕ್ಕೆ ‘ಟಾಲೆಮಿಯ ನಕ್ಷೆ’ ಅಂತ ಬಣ್ಣದ ಚಿತ್ರ ಹಾಕುವುದು ರೂಢಿ. ಅವನ ಕೈಯ ನಕ್ಷೆ ಒಂದೂ ಉಳಿದಿಲ್ಲ. ನಕ್ಷೆಗಳ ಜೊತೆ ಮೊದಲು ಅಚ್ಚಾದದ್ದು 1477ರಲ್ಲಿ, ಇಟಲಿಯ ಬೊಲೋನ್ಯದಲ್ಲಿ. ಎಲ್ಲೆಡೆ ಓಡಾಡುವ ಮರದಚ್ಚಿನ ಚಿತ್ರಗಳಲ್ಲಿ ಬಹಳಷ್ಟು 1482ರ ಜರ್ಮನಿಯ ಉಲ್ಮ್ ಮುದ್ರಣದವು. ನೀವೂ ಅದನ್ನೇ ಹಾಕುವುದಾದರೆ ಕೆಳಗೆ ‘ಟಾಲೆಮಿಯ ಅಂಕಿಗಳಿಂದ ಬಿಡಿಸಿದ್ದು, ಉಲ್ಮ್, 1482’ ಅಂತ ಸಣ್ಣಕ್ಷರದಲ್ಲಿ ಸೇರಿಸಿ. ಗ್ರೀಕ್ ಪುಟಗಳ ನಕಲು ಕೈಗೆ ಬಂದ ಮೇಲೆ ಅಕ್ಷರ ಎಲ್ಲಾದರೂ ತೊಡಕಾದರೆ ಆ ಸಾಲಿನ ಫೋಟೊ ಕಳಿಸಿ, ಓದಿ ಹೇಳುತ್ತೇನೆ.